ಡಾರ್ಕ್ ಫೀನಿಕ್ಸ್ ಕಥಾನಕ (1980): ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಕಥೆ? ಇಷ್ಟು ವರ್ಷಗಳ ನಂತರವೂ ಇದರ ಮಾತು ಏಕೆ ಬರುತ್ತದೆ?

ಮಾರ್ವೆಲ್ ಸಂಸ್ಥೆಯ ‘ಎಕ್ಸ್-ಮೆನ್’ ಮಾಸಿಕ ಕಾಮಿಕ್ಸಿನಲ್ಲಿ 1980ರಲ್ಲಿ ಬಂದ, ಇಂದು ‘ಡಾರ್ಕ್ ಫೀನಿಕ್ಸ್ ಸಾಗಾ’ ಎಂದು ಪ್ರಸಿದ್ಧವಾಗಿರುವ ಕಥೆ ಇದು. ಎಕ್ಸ್-ಮೆನ್ ಎಂಬ ಸೂಪರ್‌ಹೀರೋ ತಂಡದ ಮೊದಲ ಐವರಲ್ಲಿ ಒಬ್ಬಳೂ ಓದುಗರು 1963ರಿಂದ ಬಲ್ಲವಳೂ ಆದ ಜೀನ್ ಗ್ರೇ ಈ ಕಥೆಯಲ್ಲಿ ಖಳಳಾಗಿ ಮಾರ್ಪಟ್ಟು, ಒಂದು ನಕ್ಷತ್ರವನ್ನೇ ನುಂಗಿ, ಅದರ ಬೆಳಕಿನಲ್ಲಿ ಬದುಕಿದ್ದ 500 ಕೋಟಿ ಜೀವಗಳನ್ನು ಇಲ್ಲವಾಗಿಸಿ, ಕೊನೆಗೆ ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುತ್ತಾಳೆ. ನಾಯಕರು ಒಂದೆರಡು ಸಂಚಿಕೆಗಳ ಮಟ್ಟಿಗೆ ಕೆಟ್ಟವರಾಗಿ ಮತ್ತೆ ಒಳ್ಳೆಯವರಾಗುವುದು ಸೂಪರ್‌ಹೀರೋ ಕಾಮಿಕ್ಸಿನಲ್ಲಿ ಆ ಹೊತ್ತಿಗಾಗಲೇ ಸವೆದುಹೋದ ತಂತ್ರವಾಗಿತ್ತು. ಹಾಗೆ ಕೆಟ್ಟವರಾಗಿದ್ದಾಗ ಮಾಡಿದ್ದರ ಲೆಕ್ಕವನ್ನು ಆಮೇಲೆ ಯಾರು ತೀರಿಸಬೇಕು ಎಂದು ಕೇಳಿದ್ದರಿಂದಲೇ ಈ ಕಥೆ ಇನ್ನೂ ಚರ್ಚೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಯಾವ ಯಾವ ಸಂಚಿಕೆಗಳನ್ನು ಓದಬೇಕು?

ಸಾಮಾನ್ಯವಾಗಿ 129ರಿಂದ 138ರವರೆಗಿನ ಸಂಚಿಕೆಗಳನ್ನು, ಅಂದರೆ ಮುಖಪುಟದ ತಾರೀಖಿನ ಪ್ರಕಾರ 1980ರ ಜನವರಿಯಿಂದ ಅಕ್ಟೋಬರ್‌ವರೆಗಿನವನ್ನು, ಈ ಕಥಾನಕವೆಂದು ಎಣಿಸುತ್ತಾರೆ. ಬಿಗಿಯಾಗಿ ಹೇಳುವುದಾದರೆ ಜೀನ್ ಖಳಳಾಗಿರುವುದು 134ರ ಕೊನೆಯ ಪುಟಗಳಿಂದ 137ರವರೆಗೆ ಮಾತ್ರ. ಆದರೆ ಅಷ್ಟನ್ನೇ ಕತ್ತರಿಸಿ ಓದಿದರೆ ಊಟದ ಕೊನೆಯ ತುತ್ತನ್ನಷ್ಟೇ ತಿಂದಂತಾಗುತ್ತದೆ. ಸಮಯವಿದ್ದವರು 1976ರ 100 ಮತ್ತು 101ನೇ ಸಂಚಿಕೆಗಳಿಂದ ಆರಂಭಿಸಿ, 1977ರ ಕೊನೆಯಲ್ಲಿ ಬಂದ 108ನ್ನು ಓದಿ, ಆಮೇಲೆ 129ಕ್ಕೆ ಬರುವುದು ಒಳ್ಳೆಯದು. ನಡುವಿನ ಸಂಚಿಕೆಗಳಲ್ಲಿ ಜೇಸನ್ ವಿನ್‌ಗಾರ್ಡ್ ಎಂಬ ಠಾಕುಠೀಕಿನ ಮನುಷ್ಯನೊಬ್ಬ ಆಗಾಗ ಕಾಣಿಸಿಕೊಂಡು ಮಾಯವಾಗುತ್ತಾನೆ. ಅವನ ಮೇಲೆ ಒಂದು ಕಣ್ಣಿಟ್ಟಿರಿ.

ಇದನ್ನು ಬರೆದವರು, ಚಿತ್ರಿಸಿದವರು ಯಾರು?

ಮಾತುಗಳನ್ನು ಬರೆದವರು ಕ್ರಿಸ್ ಕ್ಲೇರ್‌ಮಾಂಟ್, ಪೆನ್ಸಿಲಿನಲ್ಲಿ ಚಿತ್ರಿಸಿದವರು ಜಾನ್ ಬರ್ನ್, ಅದರ ಮೇಲೆ ಶಾಯಿಯ ಗೆರೆ ಎಳೆದವರು ಟೆರಿ ಆಸ್ಟಿನ್, ಬಣ್ಣ ಕೊಟ್ಟವರು ಗ್ಲಿನಿಸ್ ವೈನ್, ಅಕ್ಷರಗಳನ್ನು ಬರೆದವರು ಟಾಮ್ ಆರ್ಜಚೌಸ್ಕಿ. ಕಥೆಯ ಹಂದರವನ್ನು ಕ್ಲೇರ್‌ಮಾಂಟ್ ಮತ್ತು ಬರ್ನ್ ಇಬ್ಬರೂ ಸೇರಿ ಹೆಣೆಯುತ್ತಿದ್ದರು. ಮಾರ್ವೆಲ್‌ನ ಪದ್ಧತಿಯಂತೆ ಚಿತ್ರ ಮೊದಲು, ಮಾತು ಆಮೇಲೆ. ಇದನ್ನು ಗಮನದಲ್ಲಿಟ್ಟುಕೊಂಡರೆ ಕೆಲವು ಪುಟಗಳಲ್ಲಿ ಮಾತು ಒಂದು ದಿಕ್ಕಿಗೂ ಚಿತ್ರ ಇನ್ನೊಂದು ದಿಕ್ಕಿಗೂ ಎಳೆಯುವುದೇಕೆಂದು ಅರ್ಥವಾಗುತ್ತದೆ. ಇಬ್ಬರ ನಡುವಿನ ಈ ಜಗ್ಗಾಟವೇ ಕೃತಿಯ ಶಕ್ತಿಯೂ ಆಗಿತ್ತು. ಅದು ಬಹಳ ಕಾಲ ನಡೆಯುವಂಥದ್ದಲ್ಲವೆಂಬುದು 1981ರ ಆರಂಭದಲ್ಲಿ, 143ನೇ ಸಂಚಿಕೆಯೊಂದಿಗೆ ಬರ್ನ್ ಹೊರನಡೆದಾಗ ಸ್ಪಷ್ಟವಾಯಿತು.

ಜೀನ್ ಗ್ರೇ ಮೊದಲು ಹೇಗಿದ್ದಳು? ಅವಳು ಫೀನಿಕ್ಸ್ ಆದದ್ದು ಹೇಗೆ?

ಸ್ಟ್ಯಾನ್ ಲೀ ಮತ್ತು ಜಾಕ್ ಕರ್ಬಿ 1963ರಲ್ಲಿ ಎಕ್ಸ್-ಮೆನ್ ತಂಡವನ್ನು ರೂಪಿಸಿದಾಗ ಜೀನ್ ಗ್ರೇ ‘ಮಾರ್ವೆಲ್ ಗರ್ಲ್’ ಎಂಬ ಹೆಸರಿನ, ಮುಟ್ಟದೆಯೇ ವಸ್ತುಗಳನ್ನು ಎತ್ತಬಲ್ಲ ಹುಡುಗಿ. ನಾಲ್ವರು ಹುಡುಗರ ನಡುವೆ ಇದ್ದ ಒಬ್ಬಳೇ ಹುಡುಗಿಗೆ ಆ ಕಾಲದ ಕಥೆಗಾರರು ಕೊಡುತ್ತಿದ್ದ ಪಾತ್ರವೇ ಅವಳಿಗೂ ಸಿಕ್ಕಿತ್ತು: ಸ್ವಲ್ಪ ಎತ್ತುವುದು, ಬಹಳ ಬೇಗ ದಣಿಯುವುದು, ಸ್ಕಾಟ್ ಸಮರ್ಸ್ ಅಂದರೆ ಸೈಕ್ಲಾಪ್ಸ್‌ನನ್ನು ಮನಸ್ಸಿನಲ್ಲೇ ಪ್ರೀತಿಸುವುದು. ಪತ್ರಿಕೆ ಸರಿಯಾಗಿ ಮಾರಾಟವಾಗದೆ, 1970ರ ಕೊನೆಯಿಂದ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅದರಲ್ಲಿ ಹಳೆಯ ಕಥೆಗಳನ್ನೇ ಮರುಮುದ್ರಿಸಿದರು. 1975ರಲ್ಲಿ ಲೆನ್ ವೈನ್ ಮತ್ತು ಡೇವ್ ಕಾಕ್ರಮ್ ಹೊಸ ತಂಡವನ್ನು ಕಟ್ಟಿದ ಮೇಲೆ ಕ್ಲೇರ್‌ಮಾಂಟ್ ಬರವಣಿಗೆಯನ್ನು ವಹಿಸಿಕೊಂಡರು.

100ನೇ ಸಂಚಿಕೆಯಲ್ಲಿ ತಂಡದವರು ಬಾಹ್ಯಾಕಾಶದಿಂದ ಮರಳುವಾಗ ಸೌರ ವಿಕಿರಣದ ಬಿರುಗಾಳಿ ಎದುರಾಗುತ್ತದೆ. ನೌಕೆಯಲ್ಲಿ ರಕ್ಷಣೆಯಿರುವ ಕೋಣೆ ಒಂದೇ. ಉಳಿದವರನ್ನೆಲ್ಲ ಅಲ್ಲಿ ಕಳಿಸಿ, ವಿಮಾನ ನಡೆಸುವ ವಿದ್ಯೆಯನ್ನು ಪಕ್ಕದವನ ಮನಸ್ಸಿನಿಂದಲೇ ಓದಿಕೊಂಡು, ಸಾಯುವುದು ಖಚಿತವೆಂದು ತಿಳಿದೂ ಜೀನ್ ಚಾಲಕಿಯ ಆಸನದಲ್ಲಿ ಕೂರುತ್ತಾಳೆ. ಮುಂದಿನ ಸಂಚಿಕೆಯಲ್ಲಿ ನೌಕೆ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ಬಳಿಯ ಜಮೈಕಾ ಕೊಲ್ಲಿಗೆ ಬೀಳುತ್ತದೆ. ನೀರನ್ನು ಸೀಳಿಕೊಂಡು, ಹಸಿರು ಉಡುಪಿನಲ್ಲಿ, ಎದೆಯ ಮೇಲೆ ಚಿನ್ನದ ಹಕ್ಕಿಯ ಗುರುತಿನೊಂದಿಗೆ ಎದ್ದು ಬರುವವಳು ತಾನು ಫೀನಿಕ್ಸ್ ಎಂದು ಸಾರುತ್ತಾಳೆ. 108ನೇ ಸಂಚಿಕೆಯಲ್ಲಿ ಇಡೀ ವಿಶ್ವವೇ ಕುಸಿಯದಂತೆ ತಡೆಯುವವಳೂ ಅವಳೇ. ಖಳಳಾಗುವ ಮುಂಚೆ ಅವಳ ಜಮಾ ಖಾತೆಯಲ್ಲಿ ಎಷ್ಟಿತ್ತು ಎಂಬುದನ್ನು ಮರೆಯಬಾರದು.

ಅವಳು ಕೆಟ್ಟವಳಾದದ್ದು ಮಾಸ್ಟರ್‌ಮೈಂಡ್‌ನ ಕಣ್ಕಟ್ಟಿನಿಂದಲೇ, ಅಥವಾ ಕೆಡುಕು ಅವಳೊಳಗೇ ಇತ್ತೇ?

ಅತಿ ಹೆಚ್ಚು ಜಗಳಕ್ಕೆ ಕಾರಣವಾಗಿರುವ ಪ್ರಶ್ನೆ ಇದು, ಮತ್ತು ಕಥೆಯೇ ಇದಕ್ಕೆ ಎರಡು ಬಾಯಲ್ಲಿ ಉತ್ತರ ಹೇಳುತ್ತದೆ.

ಜೇಸನ್ ವಿನ್‌ಗಾರ್ಡ್ ನಿಜವಾಗಿ ಮಾಸ್ಟರ್‌ಮೈಂಡ್ ಎಂಬ ಹಳೆಯ ಖಳ. 1964ರ 4ನೇ ಸಂಚಿಕೆಯಲ್ಲಿ ಎಕ್ಸ್-ಮೆನ್ ತಂಡದ ಕಡುವೈರಿ ಮ್ಯಾಗ್ನೆಟೋನ ಗುಂಪಿನಲ್ಲಿ ಮೊದಲು ಕಾಣಿಸಿಕೊಂಡವನು. ಕಣ್ಕಟ್ಟು ಅವನ ವಿದ್ಯೆ. ಹೆಲ್‌ಫೈರ್ ಕ್ಲಬ್ ಎಂಬ ಶ್ರೀಮಂತರ ಗುಪ್ತಕೂಟಕ್ಕೆ ಸೇರುವ ಅರ್ಹತೆ ತನಗಿದೆಯೆಂದು ತೋರಿಸಲು ಅವನು ಜೀನ್‌ಳನ್ನು ಬಲೆಗೆ ಹಾಕಿಕೊಳ್ಳುತ್ತಾನೆ. ಕ್ಲಬ್ಬಿನವಳೇ ಆದ ಎಮ್ಮಾ ಫ್ರಾಸ್ಟ್ ಸಿದ್ಧಪಡಿಸಿಕೊಟ್ಟ ಯಂತ್ರವೊಂದರ ನೆರವಿನಿಂದ ಅವಳ ಮನಸ್ಸಿನೊಳಗೇ ಹೊಕ್ಕು, ಹದಿನೆಂಟನೆಯ ಶತಮಾನದ ತನ್ನ ಪೂರ್ವಜೆಯೊಬ್ಬಳ ಬದುಕನ್ನು ಅವಳು ಮತ್ತೆ ಬಾಳುತ್ತಿದ್ದಾಳೆಂಬ ಭ್ರಮೆಯನ್ನು ಕಂತುಕಂತಾಗಿ ಉಣಿಸುತ್ತಾನೆ. ಆ ಭ್ರಮೆಯಲ್ಲಿ ಅವಳು ವಿನ್‌ಗಾರ್ಡ್‌ನ ಹೆಂಡತಿ. ವರ್ತಮಾನದಲ್ಲಿ ಕ್ಲಬ್ಬಿನ ಕಪ್ಪು ರಾಣಿ. ಇಲ್ಲಿಯವರೆಗೆ ಅವಳನ್ನು ದೂಷಿಸಲು ಏನೂ ಇಲ್ಲ.

133ನೇ ಸಂಚಿಕೆಯಲ್ಲಿ ಸ್ಕಾಟ್ ಮನೋಲೋಕದಲ್ಲಿ ವಿನ್‌ಗಾರ್ಡ್‌ನೊಂದಿಗೆ ಕತ್ತಿ ಹಿಡಿದು ಸೆಣಸಿ ಸೋಲುತ್ತಾನೆ. ಪ್ರಿಯಕರ ಸತ್ತುಬಿದ್ದದ್ದನ್ನು ಕಂಡ ಆಘಾತಕ್ಕೆ ಮೋಡಿ ಮುರಿಯುತ್ತದೆ. ಮಾಮೂಲಿ ಕಥೆಯಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು: ಮೋಡಿ ಕಳಚಿತು, ನಾಯಕಿ ಮರಳಿದಳು. ಆದರೆ ಎಚ್ಚರಗೊಂಡ ಜೀನ್ ಮಾಡುವ ಮೊದಲ ಕೆಲಸವೆಂದರೆ ವಿನ್‌ಗಾರ್ಡ್ ಆಸೆಪಟ್ಟಿದ್ದ ಶಕ್ತಿಯನ್ನು ಅವನಿಗೇ ಉಣಬಡಿಸುವುದು. ಅವನ ಮನಸ್ಸನ್ನು ಅನಂತದತ್ತ ತೆರೆದು, ಮನುಷ್ಯನೊಬ್ಬ ತಾಳಲಾರದ್ದನ್ನೆಲ್ಲ ಅದರೊಳಕ್ಕೆ ಸುರಿದು, ಅವನನ್ನು ಬದುಕಿದ್ದೂ ಸತ್ತವನಂತೆ ಮಾಡಿ ಎದ್ದು ಬರುತ್ತಾಳೆ. ಆ ಹೊತ್ತಿನಲ್ಲಿ ಅವಳ ಮೇಲೆ ಯಾರ ಹಿಡಿತವೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ತಂಡದವರು ಕುಳಿತಿದ್ದ ವಿಮಾನವನ್ನು ಸಿಡಿಸಿ, ಹಸಿರು ಉಡುಪನ್ನು ಕೆಂಪಾಗಿಸಿಕೊಂಡು ಡಾರ್ಕ್ ಫೀನಿಕ್ಸ್ ಆಗುತ್ತಾಳೆ.

ಆದ್ದರಿಂದ ನಾನು ಕೊಡುವ ಉತ್ತರ ಇದು. ಬಾಗಿಲಿನ ಚಿಲಕ ತೆಗೆದವನು ಮಾಸ್ಟರ್‌ಮೈಂಡ್. ಒಳಗೆ ಇದ್ದದ್ದು ಅವನದಲ್ಲ. ಶಕ್ತಿಯನ್ನು ಬಳಸುವಾಗಿನ ಸುಖವನ್ನು ಜೀನ್ ಮೊದಲೇ ಬಲ್ಲವಳಾಗಿದ್ದಳು, ಅದಕ್ಕೆ ಹೆದರಿಯೂ ಇದ್ದಳು. ವಿನ್‌ಗಾರ್ಡ್ ಆ ಹೆದರಿಕೆಯನ್ನು ಅಳಿಸಿದ, ಅಷ್ಟೇ.

ಹೆಲ್‌ಫೈರ್ ಕ್ಲಬ್ಬಿನವರ ಮುಖಗಳನ್ನು ಎಲ್ಲೋ ನೋಡಿದಂತಿದೆಯಲ್ಲ?

ನಿಮ್ಮ ಕಣ್ಣು ಚುರುಕಾಗಿದೆ. ಸೆಬಾಸ್ಟಿಯನ್ ಶಾ ನಟ ರಾಬರ್ಟ್ ಶಾನನ್ನು, ಹ್ಯಾರಿ ಲೀಲಂಡ್ ಆರ್ಸನ್ ವೆಲ್ಸ್‌ನನ್ನು, ಡೊನಾಲ್ಡ್ ಪಿಯರ್ಸ್ ಡೊನಾಲ್ಡ್ ಸದರ್‌ಲ್ಯಾಂಡ್‌ನನ್ನು ಹೋಲುತ್ತಾರೆ. ಜೇಸನ್ ವಿನ್‌ಗಾರ್ಡ್ ಎಂಬ ಹೆಸರಂತೂ ನಟ ಪೀಟರ್ ವಿನ್‌ಗಾರ್ಡ್ ಮತ್ತು ಅವನು ದೂರದರ್ಶನದಲ್ಲಿ ವಹಿಸಿದ ಜೇಸನ್ ಕಿಂಗ್ ಪಾತ್ರ, ಎರಡನ್ನೂ ಸೇರಿಸಿ ಹೊಲಿದದ್ದು. ಕ್ಲಬ್ಬಿನ ಕಲ್ಪನೆಗೆ ಮೂಲ 1966ರಲ್ಲಿ ಬ್ರಿಟನ್ನಿನ ‘ದಿ ಅವೆಂಜರ್ಸ್’ ಧಾರಾವಾಹಿಯಲ್ಲಿ ಬಂದ ಒಂದು ಕಂತು. ಅದರಲ್ಲಿ ಖಳನಾಗಿ ನಟಿಸಿದವನೂ ಅದೇ ಪೀಟರ್ ವಿನ್‌ಗಾರ್ಡ್. ಮಾರ್ವೆಲ್‌ನ ಅವೆಂಜರ್ಸ್ ತಂಡಕ್ಕೂ ಆ ಧಾರಾವಾಹಿಗೂ ಸಂಬಂಧವಿಲ್ಲ.

ನಕ್ಷತ್ರವನ್ನು ನುಂಗುವ ಪ್ರಸಂಗ ಅಷ್ಟು ಮುಖ್ಯವೇ?

ಇಡೀ ಕಥೆ ಅದೊಂದೇ ಕೀಲಿನ ಮೇಲೆ ತಿರುಗುತ್ತದೆ. 135ನೇ ಸಂಚಿಕೆಯಲ್ಲಿ ಡಾರ್ಕ್ ಫೀನಿಕ್ಸ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ತನ್ನ ಗೆಳೆಯರನ್ನು ಆಟದ ಗೊಂಬೆಗಳಂತೆ ಬೀಸಿ ಎಸೆದು ಬಾಹ್ಯಾಕಾಶಕ್ಕೆ ಹಾರುತ್ತಾಳೆ. ದೂರದ ಪ್ರಯಾಣ ಅವಳನ್ನು ದಣಿಸುತ್ತದೆ, ಹಸಿವಾಗುತ್ತದೆ. ಎದುರಿಗೆ ಸಿಕ್ಕ ಡಿ’ಬಾರಿ ಎಂಬ ಸೂರ್ಯನೊಳಗೆ ಹೊಕ್ಕು ಅದರ ಶಕ್ತಿಯನ್ನೆಲ್ಲ ಹೀರುತ್ತಾಳೆ. ಅದನ್ನು ಸುತ್ತುವ ಗ್ರಹವೊಂದರಲ್ಲಿ ಪ್ರಾಚೀನ ನಾಗರಿಕತೆಯಿದೆ. ಅಲ್ಲಿನವರು ತಲೆಯೆತ್ತಿ ನೋಡುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆ ಜನರನ್ನು ಮಾರ್ವೆಲ್ ಓದುಗರು ಮೊದಲೇ ಕಂಡಿದ್ದರು. 1964ರ ‘ಅವೆಂಜರ್ಸ್’ 4ನೇ ಸಂಚಿಕೆಯಲ್ಲಿ, ಶತಾವರಿಯ ದಂಟಿನಂಥ ತಲೆಯ ಅನ್ಯಲೋಕದವನೊಬ್ಬ ದಾರಿತಪ್ಪಿ ಭೂಮಿಗೆ ಬಂದಿದ್ದ. ಅವನ ಕುಲದವರೇ ಇವರು. ನಕ್ಷತ್ರ ಸತ್ತದ್ದನ್ನು ಕಂಡ, ಶಿಯಾರ್ ಎಂಬ ಅನ್ಯಲೋಕದ ಸಾಮ್ರಾಜ್ಯದ ಯುದ್ಧನೌಕೆಯೊಂದು ಅವಳ ಮೇಲೆ ಎರಗುತ್ತದೆ, ಅದೂ ಉಳಿಯುವುದಿಲ್ಲ.

ಈ ಭೀಕರ ಘಟನೆ ಕೆಲವೇ ಚೌಕಟ್ಟುಗಳಲ್ಲಿ ಮುಗಿಯುತ್ತದೆ. ಸತ್ತವರಲ್ಲಿ ಒಬ್ಬರ ಹೆಸರೂ ನಮಗೆ ತಿಳಿಯುವುದಿಲ್ಲ. ಓದುಗರಲ್ಲಿ ಹಲವರು ಅವರನ್ನು ಕೂಡಲೇ ಮರೆತು ಜೀನ್‌ಳ ಗತಿ ಏನಾಯಿತೋ ಎಂದು ಪುಟ ತಿರುವಿದರು. ನಾನೂ ಮೊದಲ ಓದಿನಲ್ಲಿ ಹಾಗೆಯೇ ಮಾಡಿದೆನೆಂದು ಒಪ್ಪಿಕೊಳ್ಳಬೇಕು.

ಚಂದ್ರನ ಮೇಲೆ ನಡೆಯುವುದೇನು?

136ನೇ ಸಂಚಿಕೆಯಲ್ಲಿ ಜೀನ್ ತಂದೆತಾಯಿಯರ ಮನೆಗೆ ಬರುತ್ತಾಳೆ. ಅಲ್ಲಿಯೂ ಹೋರಾಟವಾಗಿ, ತಂಡದ ಗುರು ಪ್ರೊಫೆಸರ್ ಝೇವಿಯರ್ ಮನೋಬಲದ ಸೆಣಸಾಟದಲ್ಲಿ ಅವಳ ಶಕ್ತಿಗೆ ಕಡಿವಾಣ ಹಾಕುತ್ತಾರೆ. ಅವಳು ಮತ್ತೆ ಹಳೆಯ ಜೀನ್ ಆಗುತ್ತಾಳೆ. ಅಷ್ಟರಲ್ಲಿ ಶಿಯಾರ್ ಸಾಮ್ರಾಜ್ಞಿ ಲಿಲಾಂಡ್ರಾ ಎಲ್ಲರನ್ನೂ ತನ್ನ ನೌಕೆಗೆ ಸೆಳೆದುಕೊಂಡು, ಫೀನಿಕ್ಸ್ ಸಾಯಲೇಬೇಕೆಂದು ತೀರ್ಪು ಕೊಡುತ್ತಾಳೆ. ಶಿಯಾರ್ ಸಂಪ್ರದಾಯದ ದ್ವಂದ್ವಯುದ್ಧವನ್ನು ಝೇವಿಯರ್ ಕೋರುತ್ತಾರೆ. ಗೆದ್ದರೆ ಜೀನ್ ತಂಡದವಳು, ಸೋತರೆ ಅವಳನ್ನು ಒಪ್ಪಿಸಬೇಕು. ಚಂದ್ರನ ಮೇಲೆ ಗಾಳಿಯಿರುವ ‘ನೀಲಿ ಪ್ರದೇಶ’ದಲ್ಲಿ ಎಕ್ಸ್-ಮೆನ್ ಮತ್ತು ಸಾಮ್ರಾಜ್ಯದ ಅಂಗರಕ್ಷಕ ಪಡೆ ಹೋರಾಡುತ್ತವೆ. ಸ್ನೇಹಿತರು ಒಬ್ಬೊಬ್ಬರಾಗಿ ಬಿದ್ದು, ಸ್ಕಾಟ್ ಕೂಡ ಹೊಡೆತ ತಿಂದು ಬಿದ್ದಾಗ ಜೀನ್‌ಳೊಳಗಿನ ಕಟ್ಟೆ ಮತ್ತೆ ಒಡೆಯುತ್ತದೆ. ತನ್ನನ್ನು ಯಾರೂ ಬಹಳ ಕಾಲ ತಡೆಹಿಡಿಯಲಾರರೆಂದು ಅರಿತ ಅವಳು, ಅಲ್ಲಿನ ಪಾಳು ಅವಶೇಷಗಳ ನಡುವೆ ಅಡಗಿದ್ದ ಪುರಾತನ ಆಯುಧವೊಂದು ತನ್ನ ಮೇಲೆಯೇ ಹಾರುವಂತೆ ಮಾಡಿ, ಸ್ಕಾಟ್‌ನ ಕಣ್ಣೆದುರೇ ಬೂದಿಯಾಗುತ್ತಾಳೆ.

ಮೂಲ ಮುಕ್ತಾಯ ಬೇರೆಯೇ ಇತ್ತೆಂಬುದು ನಿಜವೇ?

ನಿಜ, ಮತ್ತು ಅದು ಗಾಳಿಸುದ್ದಿಯಲ್ಲ. 1984ರಲ್ಲಿ ಮಾರ್ವೆಲ್ ‘ಫೀನಿಕ್ಸ್: ದಿ ಅನ್‌ಟೋಲ್ಡ್ ಸ್ಟೋರಿ’ ಎಂಬ ವಿಶೇಷ ಸಂಚಿಕೆಯಲ್ಲಿ ಆ ಮೂಲ ಪುಟಗಳನ್ನೇ ಅಚ್ಚುಹಾಕಿತು, ಜೊತೆಗೆ ಅದರಲ್ಲಿ ಭಾಗಿಗಳಾಗಿದ್ದವರ ಚರ್ಚೆಯನ್ನೂ ಕೊಟ್ಟಿತು.

ಮೊದಲು ಯೋಜಿಸಿದ್ದಂತೆ ಎಕ್ಸ್-ಮೆನ್ ಚಂದ್ರನ ಮೇಲೆ ಸೋಲುತ್ತಾರೆ. ಶಿಯಾರ್ ವಿಜ್ಞಾನಿಗಳು ಜೀನ್‌ಳ ಮನಸ್ಸಿನಿಂದ ಆ ಶಕ್ತಿಯನ್ನು ಕತ್ತರಿಸಿ ತೆಗೆಯುತ್ತಾರೆ. ಅವಳು ಯಾವ ವಿಶೇಷ ಶಕ್ತಿಯೂ ಇಲ್ಲದ ಸಾಮಾನ್ಯ ಹೆಣ್ಣಾಗಿ ಸ್ಕಾಟ್‌ನೊಂದಿಗೆ ಭೂಮಿಗೆ ಮರಳುತ್ತಾಳೆ. ಪುಟಗಳು ಸಿದ್ಧವಾಗಿದ್ದವು. ಆಗ ಮಾರ್ವೆಲ್‌ನ ಪ್ರಧಾನ ಸಂಪಾದಕರಾಗಿದ್ದ ಜಿಮ್ ಶೂಟರ್ ಕೈಗೆ ಅವು ಬಂದಾಗ ಅವರು ಸ್ಪಷ್ಟವಾಗಿ ತಕರಾರು ತೆಗೆದರು: ಕೋಟ್ಯಂತರ ಜೀವಗಳನ್ನು ತೆಗೆದವಳು ಶಕ್ತಿ ಕಳೆದುಕೊಂಡ ಮಾತ್ರಕ್ಕೆ ಮನೆಗೆ ಹೋಗಿ ಸುಖವಾಗಿರುವುದು ನ್ಯಾಯವಲ್ಲ. ಅವಳನ್ನು ಸೆರೆಯಲ್ಲಿಡುವಂಥ ದಾರಿಯ ಮಾತೂ ಬಂದಿತು. ಹಾಗೆ ಮಾಡಿದರೆ ಎಕ್ಸ್-ಮೆನ್ ತಂಡ ಅವಳನ್ನು ಬಿಡಿಸಲು ಹೋಗುತ್ತಲೇ ಇರಬೇಕಾಗುತ್ತದೆ, ಕಥೆ ಅಲ್ಲೇ ಹೂತುಹೋಗುತ್ತದೆ ಎಂಬುದು ಕ್ಲೇರ್‌ಮಾಂಟ್ ವಾದ. ಕೊನೆಗೆ ಸಿಟ್ಟಿನಲ್ಲೇ ಅವರು, ಹಾಗಿದ್ದರೆ ಕೊಂದೇಬಿಡೋಣ ಎಂದರು. ಶೂಟರ್ ಒಪ್ಪಿದರು. ಹಟಕ್ಕೆ ಆಡಿದ ಮಾತು ಹೀಗೆ ಕಥೆಯಾಯಿತು. ಕೊನೆಯ ಪುಟಗಳನ್ನು ತರಾತುರಿಯಲ್ಲಿ ಹೊಸದಾಗಿ ಬರೆದು ಚಿತ್ರಿಸಿದರು.

ಕಲೆಗಾರರ ಕೆಲಸದಲ್ಲಿ ಕಚೇರಿಯವರು ಕೈಹಾಕಿದಾಗ ನಾವು ಸಾಮಾನ್ಯವಾಗಿ ಕಲೆಗಾರರ ಪಕ್ಷ ವಹಿಸುತ್ತೇವೆ. ಇಲ್ಲಿ ನಾನು ಹಾಗೆ ಮಾಡಲಾರೆ. ಎರಡೂ ಮುಕ್ತಾಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ಮೂಲದಲ್ಲಿ ಜೀನ್‌ಳಿಗೆ ಏನೇನೋ ಆಗುತ್ತದೆ, ಅವಳು ಏನನ್ನೂ ಮಾಡುವುದಿಲ್ಲ. ಅವಳ ಮನಸ್ಸನ್ನು ಮೊದಲು ವಿನ್‌ಗಾರ್ಡ್ ತಿದ್ದಿದ, ಆಮೇಲೆ ಝೇವಿಯರ್ ತಿದ್ದಿದರು, ಕೊನೆಗೆ ಶಿಯಾರ್ ವೈದ್ಯರು ತಿದ್ದಿದರು. ಅಚ್ಚಾದ ಮುಕ್ತಾಯದಲ್ಲಿ, ವಿನ್‌ಗಾರ್ಡ್‌ನ ಬಲೆಗೆ ಬಿದ್ದ ಮೇಲೆ ಮೊದಲ ಬಾರಿಗೆ, ತನ್ನ ವಿಷಯದ ತೀರ್ಮಾನವನ್ನು ಅವಳೇ ತೆಗೆದುಕೊಳ್ಳುತ್ತಾಳೆ. 100ನೇ ಸಂಚಿಕೆಯ ಚಾಲಕಿಯ ಆಸನಕ್ಕೂ ಚಂದ್ರನ ಮೇಲಿನ ಆ ಗಳಿಗೆಗೂ ನೇರ ಗೆರೆ ಎಳೆಯಬಹುದು. ಶೂಟರ್ ಕೇಳಿದ್ದು ಶಿಕ್ಷೆಯನ್ನು. ಕ್ಲೇರ್‌ಮಾಂಟ್ ಮತ್ತು ಬರ್ನ್ ಕೊಟ್ಟದ್ದು ಅದಕ್ಕಿಂತ ದೊಡ್ಡದನ್ನು.

ಇದು ಕಾಮಿಕ್ಸ್ ಕೋಡ್‌ನ ಒತ್ತಡದಿಂದ ಆದದ್ದಲ್ಲವೇ?

ಅಲ್ಲ. ಪ್ರಕಾಶಕರು 1954ರಲ್ಲಿ ತಮಗೆ ತಾವೇ ಹಾಕಿಕೊಂಡ ಆ ನಿಯಮಾವಳಿ 1971ರಲ್ಲಿ ಸಡಿಲವಾಗಿತ್ತು, 1980ರಲ್ಲಿ ಅದರ ಮುದ್ರೆ ಮುಖಪುಟದ ಮೇಲೆ ಇರುತ್ತಿದ್ದುದೂ ಹೌದು. ಆದರೆ ಇಲ್ಲಿ ಆಕ್ಷೇಪವೆತ್ತಿದ್ದು ಹೊರಗಿನ ಪರಿಶೀಲಕರಲ್ಲ, ಒಳಗಿನ ಸಂಪಾದಕರು.

ಇಂಥ ಇತರ ಕಥೆಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಸೂಪರ್‌ಮ್ಯಾನ್ ಕಥೆಗಳಲ್ಲಿ 1950ರ ದಶಕದ ಕೊನೆಯಿಂದ ಕೆಂಪು ಕ್ರಿಪ್ಟೊನೈಟ್ ಎಂಬ ಕಲ್ಲು ಬರತೊಡಗಿತು. ಅದರ ಪ್ರಭಾವಕ್ಕೆ ಸಿಕ್ಕ ನಾಯಕನ ರೂಪವೋ ಬುದ್ಧಿಯೋ ಕೆಡುತ್ತಿತ್ತು, ಒಂದೆರಡು ದಿನಗಳಲ್ಲಿ ಪ್ರಭಾವ ಇಳಿದು ಎಲ್ಲವೂ ಸರಿಹೋಗುತ್ತಿತ್ತು. ಅವಧಿ ಮುಗಿದ ಜ್ವರದಂತೆ. 1965ರ ‘ಫೆಂಟಾಸ್ಟಿಕ್ ಫೋರ್’ 41ರಿಂದ 43ರವರೆಗಿನ ಸಂಚಿಕೆಗಳಲ್ಲಿ ಲೀ ಮತ್ತು ಕರ್ಬಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಖಳರ ಗುಂಪು ಬೆನ್ ಗ್ರಿಮ್‌ನ, ಅಂದರೆ ಥಿಂಗ್‌ನ, ಬುದ್ಧಿಯನ್ನು ಯಂತ್ರದಿಂದ ತಿರುಚಿ ಅವನ ಗೆಳೆಯರ ಮೇಲೆಯೇ ಛೂಬಿಡುತ್ತದೆ. ಅವನಲ್ಲಿ ಅಸಮಾಧಾನ ಮೊದಲೇ ಇದ್ದುದರಿಂದ ಆ ದ್ವೇಷ ಪೂರ್ತಿ ಹೊರಗಿನದೆನಿಸುವುದಿಲ್ಲ. ಆದರೂ ಕೊನೆಯಲ್ಲಿ ಬುದ್ಧಿ ಸರಿಹೋಗುತ್ತದೆ, ಯಾರೂ ಸತ್ತಿರುವುದಿಲ್ಲ, ಲೆಕ್ಕ ಚುಕ್ತಾ.

ನಮ್ಮ ಓದುಗರಿಗೆ ಇದನ್ನು ವಿವರಿಸಲು ಮಹಾಭಾರತದ ಕಲ್ಮಾಷಪಾದ ರಾಜನ ಕಥೆ ಒಳ್ಳೆಯ ಹೋಲಿಕೆಯಾದೀತು. ವಸಿಷ್ಠರ ಮಗ ಶಕ್ತಿಯ ಶಾಪದಿಂದ ರಾಕ್ಷಸತ್ವ ಪಡೆದ ಆ ರಾಜ, ಶಾಪಕೊಟ್ಟ ಶಕ್ತಿಯನ್ನೂ ವಸಿಷ್ಠರ ಉಳಿದ ಮಕ್ಕಳನ್ನೂ ತಿಂದುಹಾಕುತ್ತಾನೆ. ಹನ್ನೆರಡು ವರ್ಷಗಳಾದ ಮೇಲೆ ಅವನನ್ನು ಬಿಡುಗಡೆ ಮಾಡುವವರು ಮಕ್ಕಳನ್ನು ಕಳೆದುಕೊಂಡ ಅದೇ ವಸಿಷ್ಠರು. ಶಾಪಕ್ಕೆ ಅವಧಿ ಇದೆ, ಕ್ಷಮಿಸಲು ಹಕ್ಕುಳ್ಳವರು ಬದುಕಿದ್ದಾರೆ, ಆದ್ದರಿಂದ ರಾಜ ಮತ್ತೆ ರಾಜನಾಗಬಹುದು. ಡಿ’ಬಾರಿಯ ಗ್ರಹದಲ್ಲಿ ಕ್ಷಮಿಸಲು ಒಬ್ಬರೂ ಉಳಿದಿರಲಿಲ್ಲ.

ಹಾಗಾದರೆ ಜೀನ್ ಗ್ರೇ ಆಮೇಲೆ ಬದುಕಿ ಬಂದದ್ದು ಹೇಗೆ?

ಐದು ವರ್ಷ ಕಳೆಯುವುದರೊಳಗೆ ಮೊದಲ ಐವರನ್ನು ಮತ್ತೆ ಒಟ್ಟುಗೂಡಿಸಿ ‘ಎಕ್ಸ್-ಫ್ಯಾಕ್ಟರ್’ ಎಂಬ ಹೊಸ ಪತ್ರಿಕೆ ಹೊರಡಿಸುವ ಯೋಜನೆ ಬಂದಿತು. ಅದಕ್ಕೆ ಜೀನ್ ಬೇಕಿತ್ತು. ಕೊಲೆಗಾರ್ತಿಯಾದ ಜೀನ್ ಬೇಡವಾಗಿತ್ತು. ಇದಕ್ಕೆ ಉಪಾಯ ಸಿಕ್ಕಿದ್ದು ಕಾಮಿಕ್ಸ್ ಬರಹಗಾರ ಕರ್ಟ್ ಬ್ಯೂಸಿಕ್ ಅವರ ಒಂದು ಹಳೆಯ ಕಲ್ಪನೆಯಲ್ಲಿ. ಅದು ರೋಜರ್ ಸ್ಟರ್ನ್ ಮತ್ತು ಜಾನ್ ಬರ್ನ್ ಅವರ ಮೂಲಕ ಕಚೇರಿಯನ್ನು ತಲುಪಿತು. ಅದರ ಪ್ರಕಾರ ನೌಕೆಯಲ್ಲಿ ಸಾಯುತ್ತಿದ್ದ ಜೀನ್‌ಳ ಬಳಿಗೆ ಫೀನಿಕ್ಸ್ ಎಂಬ ವಿಶ್ವಶಕ್ತಿ ಬಂದು, ಅವಳ ರೂಪವನ್ನೂ ನೆನಪುಗಳನ್ನೂ ತಾನು ತಳೆದು, ನಿಜವಾದ ಜೀನ್‌ಳನ್ನು ಗಾಯ ಮಾಯಲೆಂದು ಗೂಡಿನಂಥ ಕೋಶದೊಳಗಿಟ್ಟು ಜಮೈಕಾ ಕೊಲ್ಲಿಯ ತಳದಲ್ಲಿ ಬಿಟ್ಟಿತ್ತು. 101ನೇ ಸಂಚಿಕೆಯಿಂದ 137ರವರೆಗೆ ನಾವು ಕಂಡದ್ದು ಜೀನ್ ಅಲ್ಲವೇ ಅಲ್ಲ. 1986ರ ಜನವರಿಯ ತಾರೀಖಿರುವ ‘ಅವೆಂಜರ್ಸ್’ 263ರಲ್ಲಿ ಆ ಕೋಶ ಪತ್ತೆಯಾಗುತ್ತದೆ. ಅದೇ ತಿಂಗಳ ‘ಫೆಂಟಾಸ್ಟಿಕ್ ಫೋರ್’ 286ರಲ್ಲಿ ಅವಳು ಎಚ್ಚರಗೊಳ್ಳುತ್ತಾಳೆ. ಫೆಬ್ರವರಿಯಲ್ಲಿ ‘ಎಕ್ಸ್-ಫ್ಯಾಕ್ಟರ್’ ಆರಂಭವಾಗುತ್ತದೆ. 286ರ ಕೆಲವು ಪುಟಗಳನ್ನು ಕ್ಲೇರ್‌ಮಾಂಟ್ ತಿದ್ದಿದ್ದಕ್ಕೆ ಮುನಿದ ಬರ್ನ್, ಕರ್ತೃವಿನ ಜಾಗದಲ್ಲಿ ತನ್ನ ಹೆಸರನ್ನು ಹಾಕದೆ ‘ಯಾರೆಂದು ನಿಮಗೇ ಗೊತ್ತು’ ಎಂಬರ್ಥದ ಮಾತನ್ನಷ್ಟೇ ಹಾಕಿಸಿದರು.

ತಂತ್ರವಾಗಿ ಇದು ಜಾಣತನದ್ದು. ಕಥೆಯಾಗಿ ಇದು ದುಬಾರಿಯಾಯಿತು. ಅಷ್ಟರಲ್ಲಿ ಸ್ಕಾಟ್, ಜೀನ್‌ಳನ್ನೇ ಹೋಲುವ ಮ್ಯಾಡಲಿನ್ ಪ್ರಯರ್ ಎಂಬವಳನ್ನು ಮದುವೆಯಾಗಿದ್ದ, ಅವರಿಗೊಂದು ಹಸುಗೂಸೂ ಇತ್ತು. ಜೀನ್ ಬದುಕಿದ್ದಾಳೆಂಬ ಸುದ್ದಿ ಕೇಳಿದ ಕೂಡಲೇ ಅವನು ಹೆಂಡತಿ ಮಗುವನ್ನು ಬಿಟ್ಟು ಹೊರಟ. ಜೀನ್‌ಳ ಮೇಲಿನ ಕಳಂಕ ತೊಳೆದ ನೀರು ಹೋಗಿ ಸ್ಕಾಟ್‌ನ ಮೇಲೆ ಬಿದ್ದಿತು. ಅವನ ಹೆಸರನ್ನು ಉಳಿಸಲು ಮುಂದೆ ಮ್ಯಾಡಲಿನ್ ಜೀನ್‌ಳ ತದ್ರೂಪಿಯಾಗಿ ತಯಾರಿಸಲ್ಪಟ್ಟವಳೆಂದು ಹೇಳಬೇಕಾಯಿತು, 1989ರ ಹೊತ್ತಿಗೆ ಅವಳನ್ನೇ ಖಳಳಾಗಿಸಿ ಸಾಯಿಸಬೇಕಾಯಿತು. ಒಂದು ಸಾಲವನ್ನು ಮನ್ನಾ ಮಾಡಿದ್ದಕ್ಕೆ ಮೂರು ಮನೆಗಳು ಹರಾಜಾದಂತಾಯಿತು.

ಈಗಿನ ಲೆಕ್ಕದಲ್ಲಿ ಡಾರ್ಕ್ ಫೀನಿಕ್ಸ್ ಆಗಿದ್ದು ಜೀನ್ ಹೌದೋ ಅಲ್ಲವೋ?

1986ರ ತಿದ್ದುಪಡಿಯ ಪ್ರಕಾರ ಅಲ್ಲ, ಆದರೆ ಆ ಶಕ್ತಿಯ ನೆನಪುಗಳು ಆಮೇಲೆ ಅವಳಿಗೇ ಬಂದು ಸೇರಿದವೆಂದೂ ಹೇಳಿರುವುದರಿಂದ ಗೆರೆ ಮಸುಕಾಗಿದೆ. 1980ರಲ್ಲಿ ಬರೆದವರ ಮನಸ್ಸಿನಲ್ಲಿ ಮಾತ್ರ ಅವಳು ಜೀನ್ ಆಗಿಯೇ ಇದ್ದಳು, ಓದುಗರು ಅತ್ತದ್ದೂ ಜೀನ್‌ಳಿಗಾಗಿಯೇ. ಹಳೆಯ ಸಂಚಿಕೆಗಳನ್ನು ಓದುವಾಗ ಆರು ವರ್ಷಗಳ ನಂತರದ ತಿದ್ದುಪಡಿಯನ್ನು ತಲೆಯಲ್ಲಿಟ್ಟುಕೊಳ್ಳುವ ಅಗತ್ಯವಿಲ್ಲ.

ಹೆಣ್ಣಿಗೆ ಅಧಿಕಾರ ಸಿಕ್ಕರೆ ಅನಾಹುತವೆಂಬ ಧೋರಣೆ ಈ ಕಥೆಯಲ್ಲಿದೆ ಎನ್ನುತ್ತಾರಲ್ಲ?

ಆಕ್ಷೇಪದಲ್ಲಿ ಹುರುಳಿದೆ. ತಂಡದಲ್ಲೆಲ್ಲ ದೊಡ್ಡ ಶಕ್ತಿ ಪಡೆದವಳು ಹೆಣ್ಣು, ಅದನ್ನು ತಾಳಲಾರದೆ ಕೆಟ್ಟವಳೂ ಅವಳೇ. ಖಳತನದ ಗುರುತಾಗಿ ಅವಳಿಗೆ ಬಿಗಿಯಾದ ಕಪ್ಪು ಉಡುಪು ತೊಡಿಸಿ, ಆಸೆಯನ್ನೇ ಅಪಾಯವೆಂದು ತೋರಿಸಿದ್ದಾರೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ: ವಿನ್‌ಗಾರ್ಡ್ ತಿಂಗಳುಗಟ್ಟಲೆ ಒಬ್ಬ ಹೆಣ್ಣಿನ ಮನಸ್ಸಿನೊಳಗೆ ಅನುಮತಿಯಿಲ್ಲದೆ ಗಂಡನಾಗಿ ಸಂಸಾರ ಹೂಡಿದ ಅಪರಾಧ. ಕಥೆ ಆ ಅಪರಾಧಕ್ಕೆ ಶಿಕ್ಷೆ ಕೊಡುತ್ತದಾದರೂ, ಆ ಶಿಕ್ಷೆಯನ್ನೇ ಜೀನ್‌ಳ ಅಧಃಪತನದ ಮೊದಲ ಮೆಟ್ಟಿಲಾಗಿ ಚಿತ್ರಿಸುತ್ತದೆ. ಅವಳ ಮೇಲೆ ನಡೆದದ್ದರ ಬಗ್ಗೆ ತಂಡದಲ್ಲಿ ಯಾರೂ ಅವಳೊಂದಿಗೆ ಕುಳಿತು ಮಾತನಾಡುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಒಂದು ಕಾಲಕ್ಕೆ ಕುರ್ಚಿ ಎತ್ತಿ ದಣಿಯುತ್ತಿದ್ದ ಪಾತ್ರವನ್ನು ಇಡೀ ಮಾರ್ವೆಲ್ ಲೋಕದ ಮಹಾಶಕ್ತಿಗಳ ಸಾಲಿಗೆ ಏರಿಸಿದವರೂ ಇವರೇ.

ವುಲ್ವರಿನ್ ಜನಪ್ರಿಯನಾದದ್ದು ಈ ಕಥೆಯಿಂದಲೇ?

ಬಹುಮಟ್ಟಿಗೆ. 132ನೇ ಸಂಚಿಕೆಯ ಕೊನೆಯ ಚೌಕಟ್ಟಿನಲ್ಲಿ ಚರಂಡಿಯ ನೀರಿನಿಂದ ಅರ್ಧ ಎದ್ದು, ನಿಮ್ಮ ಸರದಿ ಮುಗಿಯಿತು, ಇನ್ನು ನನ್ನದು ಎಂದು ಹಲ್ಲು ಕಚ್ಚುವ ವುಲ್ವರಿನ್‌ನ, ಅಂದರೆ ತಂಡದಲ್ಲಿದ್ದ ಉಕ್ಕಿನುಗುರಿನ ಒರಟನ, ಚಿತ್ರ ಸೂಪರ್‌ಹೀರೋ ಕಾಮಿಕ್ಸಿನ ಅತಿ ಹೆಚ್ಚು ಅನುಕರಣೆಗೊಳಗಾದ ಚಿತ್ರಗಳಲ್ಲಿ ಒಂದು. ಆದರೆ ಅವನ ನಿಜವಾದ ಗಳಿಗೆ 136ರಲ್ಲಿದೆ: ಒಂದು ಕ್ಷಣ ತನ್ನ ಮೇಲೆ ತಾನೇ ಹಿಡಿತ ಪಡೆದ ಜೀನ್ ತನ್ನನ್ನು ಕೊಲ್ಲೆಂದು ಬೇಡಿದಾಗ ಅವನ ಉಗುರು ಮುಂದೆ ಚಲಿಸುವುದಿಲ್ಲ.

ಸಿನಿಮಾಗಳು ಈ ಕಥೆಗೆ ನ್ಯಾಯ ಒದಗಿಸಿವೆಯೇ?

ಎರಡು ಬಾರಿ ಪ್ರಯತ್ನ ನಡೆದಿದೆ, 2006ರಲ್ಲಿ ‘ಎಕ್ಸ್-ಮೆನ್: ದಿ ಲಾಸ್ಟ್ ಸ್ಟ್ಯಾಂಡ್’ ಮತ್ತು 2019ರಲ್ಲಿ ‘ಡಾರ್ಕ್ ಫೀನಿಕ್ಸ್’. ಎರಡರ ಬರವಣಿಗೆಯಲ್ಲೂ ಸೈಮನ್ ಕಿನ್‌ಬರ್ಗ್ ಇದ್ದರು; ಎರಡನೆಯದನ್ನು ಅವರೇ ನಿರ್ದೇಶಿಸಿದರು. ಎರಡೂ ಚಿತ್ರಗಳಲ್ಲಿ ಜೀನ್ ತನ್ನವರನ್ನೇ ಕೊಲ್ಲುತ್ತಾಳೆ, ಆದರೆ ಸೂರ್ಯನನ್ನು ನುಂಗುವುದಿಲ್ಲ. ಪ್ರೇಕ್ಷಕರಿಗೆ ಪರಿಚಿತ ಮುಖಗಳ ಸಾವು ಹೆಚ್ಚು ತಟ್ಟೀತೆಂಬ ಎಣಿಕೆ ಇರಬಹುದು. ಅದರಿಂದಾಗಿ ತೀರ್ಪು ಕುಟುಂಬದೊಳಗಿನ ವ್ಯಾಜ್ಯವಾಗಿ ಕುಗ್ಗಿತು. 1990ರ ದಶಕದ ಅನಿಮೇಷನ್ ಧಾರಾವಾಹಿ ಮೂಲಕ್ಕೆ ಹೆಚ್ಚು ಹತ್ತಿರವಿದ್ದರೂ, ಅದರಲ್ಲಿ ಗೆಳೆಯರೆಲ್ಲ ತಂತಮ್ಮ ಜೀವಶಕ್ತಿಯ ಒಂದಂಶವನ್ನು ಕೊಟ್ಟು ಜೀನ್‌ಳನ್ನು ಉಳಿಸಿಕೊಳ್ಳುತ್ತಾರೆ. ಮಕ್ಕಳ ಕಾರ್ಯಕ್ರಮಕ್ಕೆ ಅದು ತಕ್ಕದ್ದೇ.

ಮೂಲ ಸಂಚಿಕೆಗಳನ್ನೇ ಕೊಳ್ಳುವುದಾದರೆ ಏನನ್ನು ಗಮನಿಸಬೇಕು?

129ರಿಂದ 136ರವರೆಗಿನವುಗಳ ಮುಖಬೆಲೆ 40 ಸೆಂಟ್. ಅವುಗಳಲ್ಲಿ ಕಥೆಗೆ ಮೀಸಲಾದದ್ದು ಬರೀ 17 ಪುಟ. ಅಷ್ಟರಲ್ಲಿ ಇಷ್ಟೆಲ್ಲ ತುಂಬಿದ್ದಾರೆಂಬುದೇ ಸೋಜಿಗ. 137 ಮಾತ್ರ ಇಮ್ಮಡಿ ಗಾತ್ರದ್ದು, 75 ಸೆಂಟಿನದು. ಕಥೆಯ ಶಿಖರವಿರುವ 137ಕ್ಕಿಂತ 129ಕ್ಕೆ ಸಂಗ್ರಾಹಕರು ಹೆಚ್ಚು ಮುಗಿಬೀಳುತ್ತಾರೆ, ಏಕೆಂದರೆ ಮುಂದೆ ತಂಡವನ್ನು ಸೇರುವ ಕಿಟ್ಟಿ ಪ್ರೈಡ್ ಮತ್ತು ಎಮ್ಮಾ ಫ್ರಾಸ್ಟ್ ಮೊದಲು ಕಾಣಿಸಿಕೊಳ್ಳುವುದು ಅದರಲ್ಲಿ. ಆ ಕಾಲದ ಕಾಗದ ಅಗ್ಗದ ಸುದ್ದಿಕಾಗದ. ಅಂಚು ಕಂದಾಗುವುದು, ಸ್ಟೇಪಲ್ ಸುತ್ತ ತುಕ್ಕು ಹರಡುವುದು ಸಾಮಾನ್ಯ. ಓದುವುದಷ್ಟೇ ಉದ್ದೇಶವಾದರೆ 1984ರಿಂದ ಹಲವು ಬಾರಿ ಪುಸ್ತಕ ರೂಪದಲ್ಲಿ ಬಂದಿರುವ ಸಂಕಲನವೇ ಸಾಕು. ಆದರೆ ಹೊಳಪಿನ ಕಾಗದದ ಮೇಲಿನ ಹೊಸ ಬಣ್ಣದಲ್ಲಿ ಡಾರ್ಕ್ ಫೀನಿಕ್ಸ್‌ನ ಕೆಂಪು ಬೇರೆಯಾಗಿಯೇ ಕಾಣುತ್ತದೆ. ಸುದ್ದಿಕಾಗದ ಹೀರಿಕೊಂಡ, ಚುಕ್ಕಿಚುಕ್ಕಿಯಾಗಿ ಹರಡಿದ ಮೂಲದ ಕೆಂಪು ಸ್ವಲ್ಪ ಮಂಕು, ಒಣಗಿದ ರಕ್ತಕ್ಕೆ ಹತ್ತಿರ. ಒಂದೇ ಸಂಚಿಕೆ ಕೊಳ್ಳುವಷ್ಟು ಹಣವಿದ್ದವರು 135ನ್ನು ಕೊಳ್ಳಲಿ: ಅದರ ಮುಖಪುಟದಲ್ಲಿ ಅವಳು ಪತ್ರಿಕೆಯ ಹೆಸರನ್ನೇ ಕೈಯಲ್ಲಿ ಹಿಡಿದು ಪುಡಿಮಾಡುತ್ತಿದ್ದಾಳೆ.